ಸನಾದ ನೀರಿಗೆ ಬ್ರ್ಯಾಂಪ್ಟನ್ನಿನಿಂದ ಒಪ್ಪಿಗೆ

ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿರುವ ಧಾರವಾಡದ ಹುಡುಗಿ ಮೇಘಾ ಇಲ್ಲಿಯ, ಅಂದರೆ ಕೆನಡಾದ ಬ್ರ್ಯಾಂಪ್ಟನ್ನಿನ, ಒಂದು ಕಾಲೇಜಿನಲ್ಲಿ ಡಯಾಲಿಸಿಸ್ ಯಂತ್ರಗಳ ಕೆಲಸ ಕಲಿಯುತ್ತಿದ್ದಾಳೆ. ಅವಳ ಪುಸ್ತಕ ಒಂದು ದಿನ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ತೆರೆದು ನೋಡಿದೆ. ನಾನು ಹದಿನೆಂಟು ವರ್ಷ ಮಾಡಿದ ಕೆಲಸಕ್ಕೆ ಅದರಲ್ಲಿ ಒಂದೂವರೆ ಪುಟ ಕೊಟ್ಟಿದ್ದರು, ಅದರಲ್ಲೂ ಅರ್ಧ ಬರೀ ಚಿತ್ರ. ನನಗೆ ಸಿಟ್ಟು ಬಂತು. ಇದನ್ನು ಬರೆದವನು ಒಂದು ದಿನವೂ ನೀರಿನ ಕೋಣೆಯಲ್ಲಿ ನಿಂತವನಲ್ಲ ಎಂದೆ. ಅವಳು ನಕ್ಕು, "ಹಂಗಾರ ನೀವ ಬರೀರಿ ಕಾಕಾ, ನಮ್ಮ ಕ್ಲಾಸಿನ್ಯಾಗ ನಮ್ಮ ಕಡೆ ಹುಡುಗ್ರು ನಾಕು ಮಂದಿ ಅದಾರ, ಓದ್ತೇವಿ" ಎಂದಳು. ಅದಕ್ಕೇ ಕುಳಿತಿದ್ದೇನೆ.

ಬಡ್ತಿ, ಸರ್ಟಿಫಿಕೇಟು, ಬೀಳ್ಕೊಡುಗೆ ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಬಿಡುವುದಕ್ಕೆ ಹೆಚ್ಚೇನೂ ಇಲ್ಲ. ಯೆಮೆನ್ ದೇಶದ ರಾಜಧಾನಿ ಸನಾದ ಒಂದು ಆಸ್ಪತ್ರೆಯಲ್ಲಿ, ಡಯಾಲಿಸಿಸ್ ವಿಭಾಗದಲ್ಲಿ, ನಾನು ನೀರು ನೋಡುವವನಾಗಿ ಸೇರಿದೆ, ನೀರು ನೋಡುವವನಾಗಿಯೇ ಹೊರಬಿದ್ದೆ.

ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ತೊಳೆಯುತ್ತಾರೆ ಎಂಬುದು ನಿಮಗೆ ಗೊತ್ತು. ಏತರಿಂದ ತೊಳೆಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ನೀರಿನಿಂದ. ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು ನೂರಿಪ್ಪತ್ತು ಲೀಟರ್ ನೀರು ಬೇಕು. ಆ ನೀರಿಗೂ ಅವನ ರಕ್ತಕ್ಕೂ ನಡುವೆ ಒಂದು ತೆಳ್ಳನೆಯ ಪೊರೆ, ಅಷ್ಟೇ. ನಾವು ಕುಡಿಯುವ ನೀರಿನಲ್ಲಿರುವ ಕ್ಲೋರಿನ್ ನಮ್ಮ ಹೊಟ್ಟೆಗೆ ಏನೂ ಮಾಡುವುದಿಲ್ಲ. ಅದೇ ಕ್ಲೋರಿನ್ ಆ ಪೊರೆ ದಾಟಿದರೆ ರಕ್ತದ ಕೆಂಪು ಕಣಗಳು ಒಡೆದುಹೋಗುತ್ತವೆ. ಅದಕ್ಕಾಗಿ ನೀರನ್ನು ಇದ್ದಿಲು ತುಂಬಿದ ದೊಡ್ಡ ಟ್ಯಾಂಕಿನ ಮೂಲಕ ಹಾಯಿಸುತ್ತೇವೆ, ಇದ್ದಿಲು ಕ್ಲೋರಿನ್ನನ್ನು ತಡೆಯುತ್ತದೆ. ಆದರೆ ಇದ್ದಿಲು ದಣಿಯುವಾಗ ನಮಗೆ ಹೇಳಿ ದಣಿಯುವುದಿಲ್ಲ. ಹಾಗಾಗಿ ಪ್ರತಿ ಪಾಳಿಗೆ ಮುಂಚೆ ನೀರಿನ ಪ್ಲಾಂಟನ್ನು ಹದಿನೈದು ನಿಮಿಷ ಓಡಿಸಿ, ಗಾಜಿನ ಕೊಳವೆಯಲ್ಲಿ ಸ್ವಲ್ಪ ನೀರು ಹಿಡಿದು, ಕ್ಲೋರಿನ್ ಪತ್ತೆಹಚ್ಚುವ ಒಂದು ಗುಳಿಗೆ ಹಾಕಿ ಅಲುಗಿಸಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಬೇಕು. ನೀರು ತಿಳಿಯಾಗಿಯೇ ಉಳಿದರೆ ಯಂತ್ರ ಶುರು ಮಾಡಬಹುದು. ಗುಲಾಬಿ ಬಣ್ಣಕ್ಕೆ ತಿರುಗಿದರೆ ಒಂದೂ ಯಂತ್ರವನ್ನು ಮುಟ್ಟಬಾರದು. ನನ್ನ ಇಡೀ ವೃತ್ತಿ ಇಷ್ಟೇ.

ನಾನು ಹುಬ್ಬಳ್ಳಿಯವನು. ಐಟಿಐ ಮುಗಿಸಿ ಊರಿನ ಒಂದು ಸೋಡಾ ಕಾರ್ಖಾನೆಯಲ್ಲಿ ನೀರಿನ ಪ್ಲಾಂಟು ನೋಡಿಕೊಳ್ಳುತ್ತಿದ್ದೆ. ಅಲ್ಲಿಂದ ಒಬ್ಬ ಏಜೆಂಟನ ಕೃಪೆಯಿಂದ ಸನಾ ಸೇರಿದೆ. ಯೆಮೆನ್ ಜನ ಸ್ಕ್ರೂಡ್ರೈವರ್ ಹಿಡಿದವನನ್ನೆಲ್ಲ ಮುಹಂದಿಸ್ ಎನ್ನುತ್ತಾರೆ, ಅಂದರೆ ಇಂಜಿನಿಯರು. ಹುಬ್ಬಳ್ಳಿಯಲ್ಲಿ ಫಿಟ್ಟರ್ ವಿರೂಪಾಕ್ಷಿಯಾಗಿದ್ದವನು ವಿಮಾನ ಇಳಿದ ಮರುದಿನವೇ ಇಂಜಿನಿಯರಾದೆ. ನಾನೂ ಬೇಡವೆನ್ನಲಿಲ್ಲ. ಹೆಂಡತಿ ಗಿರಿಜಾ ಮಗಳನ್ನು ಕರೆದುಕೊಂಡು ಮುಂದಿನ ವರ್ಷ ಬಂದಳು. ಮನೆಯಲ್ಲಿ ಹುಬ್ಬಳ್ಳಿ ಕನ್ನಡ, ಆಸ್ಪತ್ರೆಯಲ್ಲಿ ಸನಾದ ಅರಬಿ. ಕೆಲವು ವರ್ಷಗಳಲ್ಲಿ ಎರಡೂ ನನ್ನ ತಲೆಯಲ್ಲಿ ಹೇಗೆ ಸೇರಿಹೋದವೆಂದರೆ, ಅವರು ಅರಬಿಯಲ್ಲಿ ಆಡಿದ ಮಾತು ನನಗೆ ಹುಬ್ಬಳ್ಳಿ ಮಾತಾಗಿಯೇ ಕೇಳಿಸುತ್ತಿತ್ತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಬೇರೆ ರೀತಿ ನನಗೆ ಬರುವುದಿಲ್ಲ.

ಮೊದಲು ನನ್ನ ತಪ್ಪಿನ ಕಥೆ. ಸೋಡಾ ಕಾರ್ಖಾನೆಯಲ್ಲಿ ನಾವು ನೀರನ್ನು ಮೂಗಿನಿಂದಲೇ ಅಳೆಯುತ್ತಿದ್ದೆವು. ಒಂದು ಲೋಟ ಹಿಡಿದು ಮೂಸಿದರೆ ಕ್ಲೋರಿನ್ ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು, ತಪ್ಪಿದರೆ ಸೋಡಾ ಸ್ವಲ್ಪ ವಾಸನೆ ಹೊಡೆಯುತ್ತಿತ್ತು, ಅಷ್ಟೇ. ಸನಾದಲ್ಲೂ ಮೊದಲ ವರ್ಷ ನಾನು ಅದೇ ಗತ್ತಿನಲ್ಲಿದ್ದೆ. ಗುಳಿಗೆ ಹಾಕಿ ಕಾಯುವುದು ಮೂಗಿಲ್ಲದವರ ಕೆಲಸ ಎಂದು ನರ್ಸುಗಳ ಮುಂದೆ ಜಂಬ ಕೊಚ್ಚಿದ್ದೆ. ಒಂದು ಚಳಿಗಾಲದ ಬೆಳಿಗ್ಗೆ ನನಗೆ ನೆಗಡಿ. ಮೂಗು ಕಟ್ಟಿದೆ ಎಂಬುದು ಗೊತ್ತಿದ್ದರೂ ಮೂಸಿ, "ಚೊಲೋ ಐತಿ" ಎಂದೆ. ಟ್ಯಾಂಕರಿನವನು ಆವತ್ತು ಬ್ಲೀಚನ್ನು ಧಾರಾಳವಾಗಿ ಸುರಿದು ತಂದಿದ್ದ. ಅರ್ಧ ತಾಸಿನಲ್ಲಿ ಮೂವರು ರೋಗಿಗಳಿಗೆ ಎದೆ ಬಿಗಿಯಿತು, ಕೊಳವೆಯಲ್ಲಿ ಹರಿಯುತ್ತಿದ್ದ ರಕ್ತ ಕಪ್ಪಗಾಯಿತು. ನರ್ಸ್ ಅರ್ವಾ, ಆಗಿನ್ನೂ ಹೊಸಬಳು, ಯಾರನ್ನೂ ಕೇಳದೆ ಓಡಿಹೋಗಿ ಎಲ್ಲ ಯಂತ್ರಗಳನ್ನೂ ನಿಲ್ಲಿಸಿದಳು. ಮೂವರೂ ಉಳಿದರು. ಅದು ಅವಳ ಪುಣ್ಯ, ನನ್ನದಲ್ಲ.

ನಮ್ಮ ದೊಡ್ಡ ಡಾಕ್ಟರು ಕೂಗಾಡುವ ಜಾತಿಯವರಲ್ಲ. ನನ್ನನ್ನು ಕರೆದು ಆ ಮೂವರಲ್ಲಿ ಎಲ್ಲರಿಗಿಂತ ಹೆಚ್ಚು ಬಳಲಿದ್ದ ರೋಗಿಯ ಹಾಸಿಗೆಯ ಪಕ್ಕ ಒಂದು ಕುರ್ಚಿ ಹಾಕಿಸಿದರು. "ಇವರು ಏಳೂತನಕ ನೀ ಏಳಬ್ಯಾಡ" ಎಂದರು. ಎರಡು ದಿನ ಕೂತೆ. ಆ ರೋಗಿಯ ಹೆಸರು ಹಾಜ್ ಮುಸ್ಲಿಹ್, ಹಳೆಯ ಪೇಟೆಯಲ್ಲಿ ಕಠಾರಿಯ ಹಿಡಿಗಳಿಗೆ ಬೆಳ್ಳಿ ಕೆಲಸ ಮಾಡುತ್ತಿದ್ದ ಅಕ್ಕಸಾಲಿಗ. ಎರಡನೆಯ ದಿನ ಕಣ್ಣು ತೆರೆದು ನನ್ನನ್ನು ನೋಡಿ, "ಮುಹಂದಿಸ್, ಇನ್ನ ಮ್ಯಾಲೆ ನಿನ್ನ ಮೂಗು ಮನಿಯಾಗ ಇಟ್ಟ ಬಾ" ಎಂದರು. ಅಲ್ಲಿಂದ ಮುಂದೆ ಹದಿನೇಳು ವರ್ಷ ಪ್ರತಿ ಪಾಳಿಗೆ ಮುಂಚೆ ಗುಳಿಗೆ ಹಾಕಿಯೇ ನೋಡಿದೆ. ಹಾಜ್ ಮುಸ್ಲಿಹ್ ವಾರಕ್ಕೆ ಮೂರು ಸಲ ಬರುತ್ತಿದ್ದರು, ಹಾಸಿಗೆ ಮೇಲೆ ಕುಳಿತ ಕೂಡಲೇ "ನೀರು ಹೆಂಗೈತಿ?" ಎಂದು ಕೇಳುತ್ತಿದ್ದರು. ನಾನು ಕೊಳವೆ ತಂದು ತೋರಿಸದೆ ತೋಳು ಚಾಚುತ್ತಿರಲಿಲ್ಲ.

ನಮ್ಮ ನೀರಿನ ಕೋಣೆ ಮೊದಲ ಮಹಡಿಯಲ್ಲಿತ್ತು. ಸನಾದ ಮನೆಗಳಲ್ಲಿ ಕಿಟಕಿಯ ಮೇಲೆ ಅರ್ಧ ಚಂದ್ರದಂಥ ಇನ್ನೊಂದು ಕಿಟಕಿ ಇರುತ್ತದೆ. ಅದನ್ನು ಖಮರಿಯಾ ಎನ್ನುತ್ತಾರೆ. ಬಿಳಿ ಸುಣ್ಣದ ಗಾರೆಯಲ್ಲಿ ಹೂಬಳ್ಳಿ ಕೊರೆದು ಸಂದಿಗಳಲ್ಲಿ ಕೆಂಪು, ನೀಲಿ, ಹಸಿರು ಗಾಜು ಕೂರಿಸಿರುತ್ತಾರೆ. ನೀರಿನ ಕೋಣೆಗೂ ಒಂದು ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅದರ ಬಣ್ಣಗಳು ನೆಲಕ್ಕಿಳಿದು, ನನ್ನ ಬಿಳಿ ಪೈಪುಗಳ ಮೇಲೆ ಹತ್ತಿ, ನಿಧಾನ ಗೋಡೆಗೆ ಹೋಗುತ್ತಿದ್ದವು. ನನಗೆ ಗಡಿಯಾರವೇ ಬೇಕಿರಲಿಲ್ಲ, ಕೆಂಪು ಮೋಟಾರಿನ ಮೇಲೆ ಬಂದರೆ ಎರಡನೆಯ ಪಾಳಿಯ ಹೊತ್ತು. ಊಟ ಆದ ಮೇಲೆ ಇಡೀ ಊರು ಕೆನ್ನೆಯಲ್ಲಿ ಅಮಲು ಕೊಡುವ ಖಾತ್ ಸೊಪ್ಪಿನ ಉಂಡೆ ಇಟ್ಟುಕೊಂಡು ಕೂತುಬಿಡುತ್ತಿತ್ತು. ಆಗ ಬೀದಿ ಸುಮ್ಮನಾಗುತ್ತಿತ್ತು, ನನ್ನ ಮೋಟಾರು ಮಾತ್ರ ಗುಂಯ್ ಎನ್ನುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ನನಗೆ ಮೊದಲು ಬರುವುದು ಆ ಹೊತ್ತೇ. ಹುಬ್ಬಳ್ಳಿಯದಲ್ಲ. ಇದನ್ನು ನಮ್ಮವರ ಮುಂದೆ ಹೇಳಲಿಕ್ಕೆ ಸಂಕೋಚ, ಬರೆಯುವಾಗ ಹೇಳಿಬಿಡುತ್ತೇನೆ.

ಇನ್ನು ರಾಜಧಾನಿ ಬಿದ್ದ ದಿನದ ಮಾತು. ರಾಜಧಾನಿ ಬೀಳುವುದೆಂದರೆ ಭಾರೀ ಸದ್ದು ಮಾಡಿಕೊಂಡು ಬೀಳುತ್ತದೆ ಎಂದು ನಾನು ತಿಳಿದಿದ್ದೆ. 2014ರಲ್ಲಿ, ಸೆಪ್ಟೆಂಬರಿನಲ್ಲಿ, ಉತ್ತರದ ಬೆಟ್ಟಗಳಿಂದ ಬಂದ ಹೋರಾಟಗಾರರು ಊರಿನ ಅಂಚಿಗೆ ಮುಟ್ಟಿದರು. ಮೂರು ನಾಲ್ಕು ದಿನ ವಾಯವ್ಯದ ಕಡೆ ತೋಪಿನ ಸದ್ದು ಕೇಳಿತು. ಆ ಕಡೆಯ ರೋಗಿಗಳು ಸುತ್ತು ಹಾಕಿಕೊಂಡು ತಡವಾಗಿ ಬಂದರು. ಆಮೇಲೆ ಒಂದು ಭಾನುವಾರ ಸದ್ದೂ ನಿಂತಿತು. ಬೆಳಿಗ್ಗೆ ಬರುವಾಗ ಗೇಟಿನಲ್ಲಿ ನಮ್ಮ ಪೊಲೀಸಿನವನಿದ್ದ, ಸಲಾಂ ಹೇಳಿದ. ಊಟಕ್ಕೆ ಇಳಿದಾಗ ಅವನ ಕುರ್ಚಿಯಲ್ಲಿ ಬೇರೆ ಒಬ್ಬ ಕೂತಿದ್ದ, ನರೆತ ಗಡ್ಡ, ತೊಡೆಯ ಮೇಲೆ ಬಂದೂಕು. ಪೊಲೀಸಿನವನು ಸಮವಸ್ತ್ರವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಿದ್ದ. ಮಂತ್ರಿಗಳ ಕಚೇರಿ, ರೇಡಿಯೋ, ದಂಡಿನ ಠಾಣ್ಯ ಎಲ್ಲ ಹೀಗೆಯೇ ಕೈ ಬದಲಾದವು ಎಂದು ಸಂಜೆ ತಿಳಿಯಿತು.

ಆ ಗಡ್ಡದವನು ಮಧ್ಯಾಹ್ನ ಕೋಣೆ ಕೋಣೆ ನೋಡುತ್ತ ಮೇಲೆ ಬಂದ. ನನ್ನ ಟ್ಯಾಂಕುಗಳನ್ನು ಅನುಮಾನದಿಂದ ನೋಡಿ, "ಇದೇನು?" ಎಂದ.

"ನೀರಿನ ಯಂತ್ರ."

"ಕುಡಿಯೂ ನೀರೇನು?"

"ರೋಗಿಗಳ ರಕ್ತ ತೊಳಿಯೂ ನೀರು."

ಅವನು ಒಂದು ಲೋಟ ಹಿಡಿಸಿಕೊಂಡು ಕುಡಿದು ಮುಖ ಕಿವುಚಿದ. "ಇದರಾಗ ರುಚೀನ ಇಲ್ಲಲ್ಲ."

"ರುಚಿ ತಗಿಯೂದ ನನ್ನ ಕೆಲಸ" ಎಂದೆ. ಅವನು ನಕ್ಕುಬಿಟ್ಟ. ಕೆಳಗೆ ಹಾಜ್ ಮುಸ್ಲಿಹ್ ತೋಳು ಚಾಚದೆ ಕುಳಿತಿದ್ದರು. "ಯಾರು ಬಂದಾರಂತ?" ಎಂದು ಕೇಳಿದರು. ಬೆಟ್ಟದವರು ಎಂದೆ. "ಬರ್ಲಿ. ನೀರು ಹೆಂಗೈತಿ?" ಎಂದರು. ಕೊಳವೆ ತೋರಿಸಿದೆ. ಎರಡನೆಯ ಪಾಳಿ ಆವತ್ತು ಹೊತ್ತಿಗೆ ಸರಿಯಾಗಿ ಶುರುವಾಯಿತು.

ನಿಜವಾದ ಸದ್ದು ಆರು ತಿಂಗಳ ಮೇಲೆ ಬಂತು, ಆಕಾಶದಿಂದ. ನೆರೆಯ ದೇಶದ ವಿಮಾನಗಳಿಂದ ಬಾಂಬು ಬೀಳತೊಡಗಿದ ಮೇಲೆ ಕರೆಂಟು ಹೋಯಿತು, ಡೀಸೆಲ್ ಸಿಗದಾಯಿತು. ನಾಲ್ಕು ತಾಸಿನ ಡಯಾಲಿಸಿಸ್ಸು ಎರಡೂವರೆ ತಾಸಿಗಿಳಿಯಿತು, ವಾರಕ್ಕೆ ಮೂರು ಇದ್ದದ್ದು ಎರಡಾಯಿತು. ಭಾರತದವರನ್ನು ಕರೆದೊಯ್ಯಲು ವಿಮಾನ ಬರುತ್ತದೆ, ಹೆಸರು ಕೊಡಿ ಎಂದು ರಾಯಭಾರ ಕಚೇರಿಯಿಂದ ಫೋನು ಬಂತು. ಮಗಳು ಸವಿತಾ ಆಗಲೇ ಮದುವೆಯಾಗಿ ಬ್ರ್ಯಾಂಪ್ಟನ್ನಿನಲ್ಲಿದ್ದಳು. ನಮ್ಮ ಕೆನಡಾದ ಕಾಗದಗಳೂ ಬಂದಿದ್ದವು. ನಾನೇ ಮುಂದಿನ ವರ್ಷ, ಮುಂದಿನ ವರ್ಷ ಎಂದು ತಳ್ಳುತ್ತಿದ್ದೆ. ಈಗ ಅವಳು ಫೋನಿನಲ್ಲಿ ಅಳುತ್ತ, "ಅಪ್ಪಾ, ಅವ್ವನ್ನರ ಕಳಸು" ಎಂದಳು. ಗಿರಿಜಾ ಒಬ್ಬಳೇ ಹೋಗಲು ಒಪ್ಪಲಿಲ್ಲ.

ಐದು ದಿನ ಸಿಕ್ಕವು. ನೀರಿನ ಕೆಲಸ ಕಲಿಯಲು ಯಾರು ಎಂದಾಗ ಅರ್ವಾ ಕೈಯೆತ್ತಿದಳು. ಅಷ್ಟು ಹೊತ್ತಿಗೆ ಅವಳೇ ವಿಭಾಗದ ಹಿರಿಯ ನರ್ಸು. ಐದು ದಿನ ಅವಳಿಗೆ ನೀರಿನ ಗಡಸುತನ ತೆಗೆಯುವ ಉಪ್ಪಿನ ಟ್ಯಾಂಕು ತೊಳೆಯುವುದು, ಇದ್ದಿಲು ತಿರುವುವುದು, ಗುಳಿಗೆ ಹಾಕಿ ನೋಡುವುದು ಎಲ್ಲ ಹೇಳಿಕೊಟ್ಟೆ. "ಬಣ್ಣ ಕಂಡ್ರ ಗಾಬರಿ ಆಗಬ್ಯಾಡ, ಮೊದಲ ಹಿಂದಿನ ಕಾಗದ ನೋಡು. ಕಾಗದ ಬೆಳ್ಳಗಿದ್ರ ಮಾತ್ರ ನೀರಿನ ಬಣ್ಣ ಖರೆ" ಎಂದು ಬಡಬಡಿಸಿದೆ. ಅವಳು ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಕೊನೆಯ ದಿನ ಹಾಜ್ ಮುಸ್ಲಿಹ್, "ಇನ್ನ ನೀರು ಯಾರು ನೋಡ್ತಾರ?" ಎಂದರು. ಅರ್ವಾ ಎಂದೆ. ನನಗೇ ತಡೆಯಲಾಗದೆ, "ದಿನಾ ಫೋನಿನ್ಯಾಗ ಕೊಳವಿ ಫೋಟೋ ಕಳಸು ಸಿಸ್ಟರ್, ನಾ ನೋಡಿ ಹೇಳೂತನಕ ಶುರು ಮಾಡಬ್ಯಾಡ" ಎಂದೆ. ಅವಳು ತಲೆಯಾಡಿಸಿದಳು. ಕೆಳಗೆ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಮೆಟ್ಟಿಲಿಳಿಯುವಾಗ ಹಿಂದೆ ಮೋಟಾರು ಶುರುವಾದದ್ದು ಕೇಳಿಸಿತು. ನನ್ನ ಕೈಯಿಲ್ಲದೆ ಅದು ಶುರುವಾದದ್ದು ಅದೇ ಮೊದಲು.

ಬ್ರ್ಯಾಂಪ್ಟನ್ನಿನಲ್ಲಿ ನಾವು ಇಳಿದದ್ದು ಅದೇ ಬೇಸಗೆಯಲ್ಲಿ. ದೊಡ್ಡ ಮನೆ, ದೊಡ್ಡ ರಸ್ತೆ. ಬಸ್ಸಿನಲ್ಲಿ ಕೂತರೆ ಎಲ್ಲರೂ ಪಂಜಾಬಿ ಮಾತಾಡುತ್ತಾರೆ, ನಾನೂ ಕೆಲವು ಹಿಂದಿ ಶಬ್ದ ಸೇರಿಸಿ ಸುಧಾರಿಸಿದೆ. ಇಲ್ಲಿ ಬೆಳಿಗ್ಗೆ ಆರೂವರೆ ಎಂದರೆ ಸನಾದಲ್ಲಿ ಮಧ್ಯಾಹ್ನ ಒಂದೂವರೆ, ಎರಡನೆಯ ಪಾಳಿಯ ಹೊತ್ತು. ಮೊದಲ ಪಾಳಿ ಇಲ್ಲಿಯ ನಡುರಾತ್ರಿಗೆ ಬೀಳುವುದರಿಂದ ಅದನ್ನು ಅರ್ವಾಳಿಗೇ ಬಿಟ್ಟಿದ್ದೆ. ಆರೂವರೆಗೆ ನನ್ನ ಫೋನು ಟಿಂಗ್ ಎನ್ನುತ್ತಿತ್ತು. ಗಾಜಿನ ಕೊಳವೆ, ಹಿಂದೆ ಬಿಳಿ ಕಾಗದ. ನೋಡಿ "ಸರಿ, ಶುರು ಮಾಡಿ" ಎಂದು ಅರಬಿಯಲ್ಲಿ ಬರೆಯುತ್ತಿದ್ದೆ. ಚಳಿಗಾಲಕ್ಕೆ ಇಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾರೆ, ಯೆಮೆನಿಗೆ ಆ ಹುಚ್ಚಿಲ್ಲ, ಆಗ ಐದೂವರೆಗೆ ಏಳುತ್ತಿದ್ದೆ. ಗಿರಿಜಾ ಚಹಾ ಇಡುತ್ತ, "ಏನ್ರೀ, ಡ್ಯೂಟಿ ಆತೇನು?" ಎಂದು ಕಾಡಿಸುತ್ತಿದ್ದಳು. ಮೊಮ್ಮಗಳು ಸ್ಕೂಲಿಗೆ ಹೊರಡುವಾಗ ಬಗ್ಗಿ ನೋಡಿ, "ಅಜ್ಜಾ, ಪಿಂಕ್ ಆರ್ ನೋ ಪಿಂಕ್?" ಎನ್ನುತ್ತಿದ್ದಳು. ನೋ ಪಿಂಕ್ ಎಂದರೆ ಖುಷಿಯಿಂದ ಓಡುತ್ತಿದ್ದಳು. ಅಳಿಯ ಒಂದು ವೇರ್‌ಹೌಸಿನಲ್ಲಿ ಸುಲಭದ ಕೆಲಸವಿದೆ ಬನ್ನಿ ಎಂದ. ನನಗೆ ಕೆಲಸವಿದೆ ಎಂದೆ. ಅವನು ನಕ್ಕ, ನಾನು ನಗಲಿಲ್ಲ.

ಕನ್ನಡದವರು ಸೇರಿದಾಗ ಎಲ್ಲರೂ ಕೇಳುತ್ತಾರೆ, "ಹುಬ್ಬಳ್ಳಿ ನೆನಪಾಗ್ತೈತಿ ಅಲ್ಲೇನ್ರಿ?" ಆಗುತ್ತದೆ ಎನ್ನುತ್ತೇನೆ, ಸುಳ್ಳೇನಲ್ಲ. ಆದರೆ ಒಂದು ಸಲ ಪಕ್ಕದ ಊರು ಮಿಸ್ಸಿಸಾಗಾದ ಒಂದು ಯೆಮೆನಿ ಹೋಟೆಲಿಗೆ ಎರಡು ಬಸ್ಸು ಬದಲಿಸಿ ಗಿರಿಜಾಳನ್ನು ಕರೆದುಕೊಂಡು ಹೋದೆ. ಕಲ್ಲಿನ ಬಟ್ಟಲಿನಲ್ಲಿ ಕೊತಕೊತ ಕುದಿಯುವ ಸಲ್ತಾ ಎಂಬ ಗಟ್ಟಿ ಸಾರು ತಂದಿಟ್ಟರು. ಅದರ ಮೇಲೆ ಅವರು ಮೆಂತ್ಯದ ಹಿಟ್ಟನ್ನು ಬಡಿದು ನೊರೆ ಎಬ್ಬಿಸಿ ಹಾಕುತ್ತಾರೆ. ನಮಗೆ ಮಾಂಸ ಬೇಡ ಎಂದು ಹೇಳಿ ಬರೀ ತರಕಾರಿಯದು ಮಾಡಿಸಿದ್ದೆವು. ಆ ಮೆಂತ್ಯದ ವಾಸನೆ ಮೂಗಿಗೆ ಬಡಿದದ್ದೇ ನನಗೆ ಕಣ್ಣು ತುಂಬಿತು. ಬಡಿಸುವವನು ನನ್ನ ಅರಬಿ ಕೇಳಿ, "ನೀವು ಸನಾದವರೇನು?" ಎಂದ. "ಹೌದು" ಎಂದುಬಿಟ್ಟೆ. ಗಿರಿಜಾ ಮೇಜಿನ ಕೆಳಗೆ ಕಾಲು ತುಳಿದು, "ಹುಬ್ಬಳ್ಳಿಯವರು ಅನ್ರಿ" ಎಂದಳು. ಅನ್ನಲಿಲ್ಲ. ವಾಪಸ್ಸು ಬಸ್ಸಿನಲ್ಲಿ ಅವಳೇ, "ನಂಗೂ ಸನಾದ ಮನಿ ಮಾಳಗಿ ನೆನಪಾತು" ಎಂದು ಕಿಟಕಿಯ ಕಡೆ ತಿರುಗಿದಳು.

ಈಗ ನಾನು ಹೇಳಬೇಕಾದ ಮಾತಿಗೆ ಬಂದೆ. 2017ರಲ್ಲಿ ಸನಾದಲ್ಲಿ ಕಾಲರಾ ಹಬ್ಬಿತು. ಹಬ್ಬಿದ ಮೇಲೆ ಟ್ಯಾಂಕರುಗಳಿಗೆಲ್ಲ ಕ್ಲೋರಿನ್ ಹೆಚ್ಚೆಚ್ಚು ಹಾಕತೊಡಗಿದರು. ಊರಿಗೆ ಅದು ಒಳ್ಳೆಯದು, ನಮ್ಮ ಇದ್ದಿಲಿಗೆ ಕಷ್ಟ. ವಿಮಾನ ನಿಲ್ದಾಣ ಮುಚ್ಚಿತ್ತು, ಹೊಸ ಇದ್ದಿಲು ಬರುವ ಹಾಗಿರಲಿಲ್ಲ. ದಿನಾ ಟಿಂಗ್ ಎನ್ನುವ ಮೊದಲೇ ಫೋನು ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಒಂದು ಬೆಳಿಗ್ಗೆ ಫೋಟೋ ತೆರೆದೆ. ನೀರು ಗುಲಾಬಿ. ಎರಡನೆಯ ಸಲ ನೋಡಲಿಲ್ಲ. "ನಿಲ್ಲಿಸಿ. ಯಾರನ್ನೂ ಯಂತ್ರಕ್ಕೆ ಹಚ್ಚಬೇಡಿ" ಎಂದು ಬರೆದೆ. ಕಳಿಸಿದ್ದಕ್ಕೆ ಒಂದು ಟಿಕ್ ಬಂತು, ಮುಟ್ಟಿದ್ದಕ್ಕೆ ಎರಡನೆಯ ಟಿಕ್ ಬಂತು. ಆಮೇಲೆ ಏನೂ ಬರಲಿಲ್ಲ. ಸನಾದಲ್ಲಿ ಇಂಟರ್ನೆಟ್ ಕಡಿದುಹೋಗಿದೆ ಎಂದು ಮಿಸ್ಸಿಸಾಗಾದ ಆ ಹೋಟೆಲಿನವರಿಂದ ತಿಳಿಯಿತು.

ಒಂಬತ್ತು ದಿನ. ಮಾಡಲಿಕ್ಕೆ ಏನೂ ಇಲ್ಲದೆ ಅದೇ ಫೋಟೋ ತೆಗೆದು ತೆಗೆದು ನೋಡಿದೆ. ಮೂರನೆಯ ದಿನ ನೀರನ್ನು ಬಿಟ್ಟು ಅದರ ಹಿಂದಿನ ಕಾಗದ ನೋಡಿದೆ. ಕಾಗದವೂ ಗುಲಾಬಿಯಾಗಿತ್ತು. ಒಂದು ಮೂಲೆಯಲ್ಲಿ ತೆಳ್ಳಗೆ ನೀಲಿ ಬಿದ್ದಿತ್ತು. ಕೋಣೆಯಲ್ಲಿ ದೀಪವಿಲ್ಲದೆ ಅರ್ವಾ ಬೆಳಕಿಗೆಂದು ಕಿಟಕಿಯ ಹತ್ತಿರ ಹೋಗಿ ಫೋಟೋ ತೆಗೆದಿದ್ದಳು, ಖಮರಿಯಾದ ಕೆಂಪು ಗಾಜಿನ ಬೆಳಕು ಕೊಳವೆಯ ಮೇಲೆ ಬಿದ್ದಿತ್ತು. ನೀರಿನಲ್ಲಿ ಏನೂ ಇರಲಿಲ್ಲ. ಹದಿನೆಂಟು ವರ್ಷ ದಿನವೂ ನೋಡಿದ ಬೆಳಕನ್ನು ನಾನು ಗುರುತಿಸಲಿಲ್ಲ. ಅವಳಿಗೆ ಬಡಬಡಿಸಿ ಹೇಳಿಕೊಟ್ಟ ಪಾಠವನ್ನು ನಾನೇ ಮರೆತಿದ್ದೆ.

ಡಯಾಲಿಸಿಸ್ ಒಂದು ದಿನ ತಪ್ಪಿದರೆ ಏನಾಗುತ್ತದೆ ಎಂದು ನಿಮಗೆ ಪಾಠದಲ್ಲಿ ಹೇಳಿರುತ್ತಾರೆ. ವಾರಕ್ಕೆ ಎರಡೇ ಸಿಗುವವನಿಗೆ ಒಂದು ತಪ್ಪಿದರೆ ಎದೆಯಲ್ಲಿ ನೀರು ತುಂಬುತ್ತದೆ, ಹೃದಯ ನಿಲ್ಲಬಹುದು. ಹತ್ತನೆಯ ದಿನ ಅರ್ವಾಳಿಂದ ಸಂದೇಶ ಬಂತು. "ಹಾಜ್ ಮುಸ್ಲಿಹ್ ತೀರಿಕೊಂಡರು, ಅಲ್ಲಾಹ್ ಅವರ ಮೇಲೆ ಕರುಣೆ ತೋರಲಿ." ಅದರ ಕೆಳಗೆ ಆ ದಿನದ ಕೊಳವೆಯ ಫೋಟೋ. ನೀರು ತಿಳಿಯಾಗಿತ್ತು. ನಾನು "ಸರಿ, ಶುರು ಮಾಡಿ" ಎಂದು ಬರೆದೆ. ಬೇರೆ ಏನನ್ನೂ ಕೇಳಲಿಲ್ಲ. ಕೇಳಿದರೆ ಅವಳು ಏನು ಹೇಳುತ್ತಾಳೆ ಎಂಬ ಭಯ. ಮೊದಲ ಸಲ ನಿಲ್ಲಿಸದೆ ಅವರನ್ನು ಕೊಲ್ಲಲಿದ್ದೆ, ಎರಡನೆಯ ಸಲ ನಿಲ್ಲಿಸಿ ಕೊಂದೆ, ನನ್ನ ಲೆಕ್ಕ ಇಷ್ಟೇ ಆಗಿತ್ತು. ಗಿರಿಜಾಳಿಗೂ ಹೇಳಲಿಲ್ಲ. ಎರಡು ವರ್ಷ ದಿನವೂ ಫೋಟೋ ಬಂತು, ದಿನವೂ ಉತ್ತರ ಬರೆದೆ. ಕಾಗದವನ್ನು ಮೊದಲು ನೋಡುತ್ತಿದ್ದೆ, ಆಮೇಲೆ ನೀರು.

ಈ ವರ್ಷ, 2019ರ ಬೇಸಗೆಯಲ್ಲಿ, ಮೇಘಾ ತನ್ನ ಗೆಳೆಯರನ್ನು ಚಹಾಕ್ಕೆ ಕರೆದಿದ್ದಳು. ಕಾಕಾ ನಿಮ್ಮ ಅನುಭವ ಹೇಳಿ ಎಂದರು. ಮೂಗಿನ ಕಥೆ ಹೇಳಿದೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ಮೇಘಾ ಸಹಜವಾಗಿ ಕೇಳಿದಳು.

"ಅದರ ಮ್ಯಾಲೆ ಮತ್ತೊಂದ ಮಿಸ್ಟೇಕ್ ಆಗ್ಲೇ ಇಲ್ಲೇನ್ರಿ ಕಾಕಾ?"

"ಇಲ್ಲ" ಎಂದೆ.

ಮಕ್ಕಳು ಮೆಚ್ಚಿ ನೋಡಿದರು. ಆ ನೋಟ ನನಗೆ ತಡೆಯಲಾಗಲಿಲ್ಲ. ಈ ಕೆಲಸಕ್ಕೆ ಬರುವವರಿಗೆ ಸುಳ್ಳು ಹೇಳಿದ್ದೆ, ಅದೂ ರಕ್ತದ ವಿಷಯದಲ್ಲಿ. ಮರುದಿನ ಬೆಳಿಗ್ಗೆ ಫೋಟೋಕ್ಕೆ ಉತ್ತರ ಬರೆದ ಮೇಲೆ ಅರ್ವಾಳಿಗೆ ಫೋನು ಮಾಡಿದೆ. ನಾಲ್ಕು ವರ್ಷದಲ್ಲಿ ಅವಳ ದನಿ ಕೇಳಿದ್ದು ಎರಡೋ ಮೂರೋ ಸಲ. ಹಿಂದೆ ಮೋಟಾರಿನ ಸದ್ದು ಕೇಳುತ್ತಿತ್ತು.

"ಸಿಸ್ಟರ್, ಒಂದು ಮಾತು ಕೇಳಬೇಕು. ಕಾಲರಾ ವರ್ಷ, ನಾ ನಿಲ್ಲಸು ಅಂತ ಬರದಿದ್ದೆ. ಅದು ನನ್ನ ತಪ್ಪು. ಅದು ಗಾಜಿನ ಬೆಳಕು. ಹಾಜ್ ಮುಸ್ಲಿಹ್ ನನ್ನಿಂದ ಹ್ವಾದ್ರು."

"ಯಾವತ್ತು?" ಎಂದಳು. ಹೇಳಿದೆ.

"ಆವತ್ತು ನಾವು ನಿಲ್ಲಸಲೇ ಇಲ್ಲ, ಮುಹಂದಿಸ್. ಫೋಟೋ ತಗದ ಮ್ಯಾಲೆ ನಾನ ನೋಡಿದೆ, ಕಾಗದ ಕೆಂಪಗಿತ್ತು. ನೀವ ಹೇಳಿಕೊಟ್ಟಿದ್ರಿ. ಬಾಗಲ ಕಡೆ ಹೋಗಿ ಮತ್ತೊಂದು ಗುಳಿಗಿ ಹಾಕಿ ನೋಡಿದೆ, ಚೊಲೋ ಇತ್ತು. ಹಾಜ್ ಮುಸ್ಲಿಹ್ ಆವತ್ತು ಪೂರ್ತಿ ಎರಡೂವರೆ ತಾಸು ಮಾಡಿಸಿಕೊಂಡ್ರು. ಆಮ್ಯಾಲೆ ಅವರ ಓಣಿ ರಸ್ತೆ ಮುಚ್ಚಿದ್ರು. ಎರಡು ಸಲ ಅವರು ಬರಾಕ ಆಗಲಿಲ್ಲ. ಮನಿಯಾಗ ಹ್ವಾದ್ರು. ನಿಮಗ ಗೊತ್ತೈತಿ ಅಂದುಕೊಂಡಿದ್ದೆ."

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಎರಡು ವರ್ಷ ಹೊತ್ತದ್ದು ಒಂದೇ ಸಲ ಇಳಿದರೆ ಮೈ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ, ಬೇರೆ ಒಂದು ಮಾತು ತಲೆಗೆ ಬಂತು.

"ನಾ ಉತ್ತರ ಬರಿಯೂದಕ್ಕಿಂತ ಮೊದಲ ಶುರು ಮಾಡಿದ್ರೇನು?"

"ಹೂಂ."

"ಆವತ್ತು ಒಂದ ದಿನಾನ?"

ಅವಳ ಹಿಂದೆ ಯಾರೋ ರೋಗಿ ಕೆಮ್ಮಿದರು. "ಮೊದಲ ತಿಂಗಳು ಕಾದೆವು" ಎಂದಳು. "ಆಮ್ಯಾಲೆ ನಂಗ ಕೆಲಸ ಬಂತು. ಕಾಯಲಿಲ್ಲ."

"ಹಂಗಾರ ನಾಲ್ಕು ವರ್ಷ ಫೋಟೋ ಯಾಕ ಕಳಿಸ್ದಿ?"

"ಹಾಜ್ ಮುಸ್ಲಿಹ್ ಹೇಳಿದ್ರು. ನಾ ಇನ್ನ ಕಳಸೂದಿಲ್ಲ, ಇಂಟರ್ನೆಟ್ ಸಿಗೂದ ಕಷ್ಟ ಐತಿ ಅಂದಿದ್ದೆ. ಅವರು ಬೈದ್ರು. ಅಂವ ಅಲ್ಲಿ ಒಬ್ಬನ ಕೂತಾನ, ದಿನಕ್ಕ ಒಂದು ಕೆಲಸರ ಕೊಡ್ರಿ, ಪೂರ್ತಿ ಊರ ಹೊರಗ ಹಾಕಬ್ಯಾಡ್ರಿ ಅಂದ್ರು."

ಫೋನು ಇಟ್ಟ ಮೇಲೆ ಅತ್ತೆ. ಗಿರಿಜಾ ಬಂದು ಏನಾಯಿತು ಎಂದು ಕೇಳಿದಳು. ಎಲ್ಲ ಹೇಳಿದೆ, ಎರಡು ವರ್ಷದ್ದೂ ಹೇಳಿದೆ. ಅವಳು ನನ್ನ ಪಕ್ಕ ನೆಲದ ಮೇಲೆಯೇ ಕೂತಳು. "ಆ ಮುದುಕ ನಮ್ಮನ್ನ ಅಲ್ಲೇ ಇಟ್ಟುಕೊಂಡಿದ್ದ ನೋಡ್ರಿ" ಎಂದಳು.

ಮೇಘಾ, ನಿನಗೂ ನಿನ್ನ ಗೆಳೆಯರಿಗೂ ನಾನು ಆವತ್ತು ಇಲ್ಲ ಎಂದದ್ದು ಸುಳ್ಳು, ಇದೇ ಅದರ ತಿದ್ದುಪಡಿ. ಕಾಗದ ಮೊದಲು ನೋಡಿ. ಕಲಿಸಿದವನ ಮಾತಿಗಿಂತ ಕಲಿತದ್ದನ್ನು ನಂಬಿ, ಅವನು ದೂರದಲ್ಲಿ ಕೂತಿದ್ದರೆ ಇನ್ನೂ ಹೆಚ್ಚು. ಅರ್ವಾ ಹಾಗೆ ಮಾಡಿದ್ದರಿಂದ ಜನ ಉಳಿದರು. ಅದು ನನಗೆ ಹೆಮ್ಮೆಯೂ ಹೌದು, ಹೊಟ್ಟೆಕಿಚ್ಚೂ ಹೌದು.

ಇವತ್ತು ಬೆಳಿಗ್ಗೆಯೂ ಆರೂವರೆಗೆ ಫೋಟೋ ಬಂತು. ಕಾಗದ ಬೆಳ್ಳಗಿತ್ತು, ನೀರು ತಿಳಿಯಾಗಿತ್ತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. "ಸರಿ, ಶುರು ಮಾಡಿ" ಎಂದು ಬರೆದೆ. ಅಲ್ಲಿ ಶುರುವಾಗಿ ಆಗಲೇ ಹತ್ತು ನಿಮಿಷವಾಗಿತ್ತು, ಹಾಜ್ ಮುಸ್ಲಿಹ್ ಅವರ ಹಾಸಿಗೆಯಲ್ಲಿ ಬೇರೆ ಯಾರೋ ತೋಳು ಚಾಚಿದ್ದರು.